ಕತ್ತರಿಗೆ ಮುಂಚಿನ ಕೂಗು

ನಮ್ಮ ಅತ್ತಿಗೆಯ ಕಾಯಿಲೆಯನ್ನು ಹೊಗಳಿ ಹೊಗಳಿ ಬೆಳೆಸಿದವರು ನಾವೇ. ಆ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತವಳು ನಾನು. "ಎಷ್ಟು ಅಚ್ಚುಕಟ್ಟು, ಎಷ್ಟು ಶ್ರದ್ಧೆ" ಎಂದು ಗಿರಾಕಿಗಳು ಅಂದಾಗಲೆಲ್ಲ, ಹೊಲಿಗೆ ಮಿಷನ್ನಿನ ಹಿಂದೆ ಕೂತು, ನನ್ನನ್ನೇ ಹೊಗಳಿದರೇನೋ ಎಂಬಂತೆ ತಲೆಯಾಡಿಸುತ್ತಿದ್ದೆ.

ನಮ್ಮದು ದರ್ಜಿ ಅಂಗಡಿ. ಮುಂದಿನ ಕೋಣೆಯಲ್ಲಿ ಅಣ್ಣ ಗಿರಾಕಿಗಳ ಅಳತೆ ತೆಗೆದು ಪುಸ್ತಕದಲ್ಲಿ ಬರೆಯುತ್ತಾನೆ, ಬಾಯಿ ತುಂಬ ಮಾತಾಡಿಸುತ್ತಾನೆ. ಒಳಕೋಣೆಯಲ್ಲಿ ಕಿಟಕಿಯ ಪಕ್ಕ ಉದ್ದನೆಯ ಮೇಜು. ಅಲ್ಲಿ ಅತ್ತಿಗೆ ಬಟ್ಟೆ ಕತ್ತರಿಸುತ್ತಾಳೆ. ಅವಳ ಎದುರಿಗೆ ನನ್ನ ಮಿಷನ್ನು. ಮೂಲೆಯ ಕುರ್ಚಿಯಲ್ಲಿ ಅಮ್ಮ. ಅಮ್ಮನ ಕೆಲಸ ಗುಂಡಿ ಹಾಕುವುದು, ನಮ್ಮೆಲ್ಲರ ವಿಷಯದಲ್ಲಿ ಮೂಗು ತೂರಿಸುವುದು.

ಕತ್ತರಿಸುವ ಕೆಲಸ ಮೊದಲು ಅಪ್ಪನದಾಗಿತ್ತು. ಅವರು ಅಣ್ಣನಿಗೆ ಕಲಿಸಲು ಹೋದರೆ, ಅಣ್ಣ ಒಂದೇ ಪ್ಯಾಂಟಿಗೆ ಎರಡು ಎಡಗಾಲು ಕತ್ತರಿಸಿಟ್ಟ. ನನಗೆ ಕಲಿಸೋಣವೆಂದರೆ ನನಗೆ ತಾಳ್ಮೆ ಎಂಬುದು ಹುಟ್ಟಿನಿಂದಲೇ ಇಲ್ಲ. ಕೊನೆಗೆ ಸೊಸೆಯ ಕೈಗೆ ಕತ್ತರಿ ಕೊಟ್ಟರು. ವರ್ಷ ತುಂಬುವುದರೊಳಗೆ ಅವಳ ಕೈ ಅಪ್ಪನ ಕೈಯನ್ನು ಮೀರಿಸಿತು. ಅಪ್ಪ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ದುಬಾರಿ ಬಟ್ಟೆ ಬಂದಾಗ ಸುಮ್ಮನೆ ಎದ್ದು ಅವಳಿಗೆ ಜಾಗ ಬಿಡುತ್ತಿದ್ದರು.

ಅತ್ತಿಗೆ ನನಗಿಂತ ನಾಲ್ಕೇ ವರ್ಷ ದೊಡ್ಡವಳು. ಮನೆಗೆ ಬಂದ ವಾರದಲ್ಲೇ, "ನನಗೆ ನೀವು ಗೀವು ಅನ್ನಬೇಡ. ನಾಳೆ ಜಗಳ ಆಡೋಕೆ ಕಷ್ಟ ಆಗತ್ತೆ" ಅಂದಿದ್ದಳು. ನನ್ನ ನಾಲಿಗೆ ನೋಡಿ ನನಗೆ 'ಸೂಜಿ' ಎಂದು ಹೆಸರಿಟ್ಟವಳೂ ಅವಳೇ.

ಅಪ್ಪ ಅಂಗಡಿಯಲ್ಲಿ ಒಂದು ಪದ್ಧತಿ ಇಟ್ಟಿದ್ದರು. ಬಟ್ಟೆಗೆ ಕತ್ತರಿ ಹಾಕುವ ಮುಂಚೆ, ಕತ್ತರಿಸುವವರು ಅಳತೆಯನ್ನು ಗಟ್ಟಿಯಾಗಿ ಕೂಗಬೇಕು. ಮಿಷನ್ನಿನಲ್ಲಿ ಕೂತವರು ಪುಸ್ತಕ ನೋಡಿ ಅದನ್ನೇ ತಿರುಗಿ ಹೇಳಬೇಕು. "ಭುಜ ಹದಿನಾಲ್ಕೂವರೆ." "ಹದಿನಾಲ್ಕೂವರೆ." ಆಮೇಲೆ ಕತ್ತರಿಯ ಸದ್ದು. ಒಮ್ಮೆ ಕತ್ತರಿಸಿದ್ದು ಮತ್ತೆ ಕೂಡುವುದಿಲ್ಲವಲ್ಲ, ಅದಕ್ಕೆ ಈ ಎಚ್ಚರಿಕೆ. ಒಳ್ಳೆಯ ಪದ್ಧತಿಯೇ. ಈಗಲೂ ಹಾಗೇ ಹೇಳುತ್ತೇನೆ. ಆದರೆ ಕಾಯಿಲೆ ನಮ್ಮ ಅಂಗಡಿಯೊಳಗೆ ಬಂದದ್ದು ಇದೇ ಬಾಗಿಲಿನಿಂದ, ಮತ್ತು ಬಾಗಿಲು ತೆರೆದು ಹಿಡಿದವಳು ನಾನು.

ಅಪ್ಪ ಹೋದ ಮರುವರ್ಷ ಅತ್ತಿಗೆ ಒಬ್ಬ ಬಸ್ ಡ್ರೈವರನ ಪ್ಯಾಂಟನ್ನು ಒಂದು ಇಂಚು ಗಿಡ್ಡ ಕತ್ತರಿಸಿದಳು. ಆತ ನಕ್ಕು, "ಪೆಡಲು ಒತ್ತೋಕೆ ಇದೇ ಅನುಕೂಲ" ಎಂದು ಹಾಕಿಕೊಂಡು ಹೋದ. ನಾವೂ ನಕ್ಕೆವು. ಅವಳು ನಗಲಿಲ್ಲ. ಅಂದಿನಿಂದ ಕೂಗು ಎರಡು ಸಲವಾಯಿತು. ಸ್ವಲ್ಪ ದಿನ ಕಳೆದು ನಾಲ್ಕು, ಆಮೇಲೆ ಹತ್ತು. "ಸೂಜಿ, ಹದಿನಾಲ್ಕೂವರೆ ತಾನೇ?" "ಹೂಂ, ಹದಿನಾಲ್ಕೂವರೆ." "ಸರಿಯಾಗಿ ನೋಡಿದೆಯಾ?" "ನೋಡಿದೆ." "ಇನ್ನೊಂದ್ಸಲ ನೋಡು." ನಾನು ನೋಡುತ್ತಿದ್ದೆ. ಹೇಳುತ್ತಿದ್ದೆ. ಹೇಳಿದ ತಕ್ಷಣ ಅವಳ ಮುಖ ಸಡಿಲವಾಗುವುದನ್ನು ಕಂಡು ನನಗೂ ನಿರಾಳವಾಗುತ್ತಿತ್ತು. ಎರಡು ನಿಮಿಷ ಕಳೆಯುವಷ್ಟರಲ್ಲಿ ಮತ್ತೆ ಅದೇ ಪ್ರಶ್ನೆ.

ಆಮೇಲೆ ಟೇಪಿನ ಮೇಲೆ ಅನುಮಾನ ಬಂತು. ಎಳೆದೂ ಎಳೆದೂ ಟೇಪು ಉದ್ದವಾಗಿರಬಹುದು ಎಂದು ಹೊಸದು ತಂದಳು. ಹೊಸದು ಅಂಗಡಿಯಿಂದಲೇ ತಪ್ಪಾಗಿ ಬಂದಿದ್ದರೆ? ಇನ್ನೊಂದು ತಂದಳು. ಆರು ಟೇಪುಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಮಲಗಿಸಿ ಹೋಲಿಸುತ್ತಿದ್ದಳು. ಹೊಲಿಗೆಗೆಂದು ಬಿಡುವ ಅಂಚನ್ನು ಎರಡು ಇಂಚಿಗೆ ಏರಿಸಿದಳು. ಕೋಟುಗಳೆಲ್ಲ ಒಳಗೆ ದಪ್ಪವಾಗಿ ಗಿರಾಕಿಗಳು ಮುಖ ಸಿಂಡರಿಸಿದರು. ಅಣ್ಣ ತಮಾಷೆಗೆ ಅವಳನ್ನು 'ಎರಡಿಂಚು' ಎಂದು ಕರೆಯತೊಡಗಿದ. ಆ ಹೆಸರು ನೆನಪಾದರೆ ಅವನು ಈಗಲೂ ನೆಲ ನೋಡುತ್ತಾನೆ.

ಒಂದು ದಿನ ಸಂಜೆ ಮಾರ್ಕೆಟ್ಟಿನ ರಸ್ತೆಯಲ್ಲಿ, ನಾವೇ ಹೊಲಿದ ಕೋಟು ಹಾಕಿಕೊಂಡು ಹೋಗುತ್ತಿದ್ದ ಔಷಧಿ ಅಂಗಡಿಯವರನ್ನು ಅತ್ತಿಗೆ ತಡೆದು ನಿಲ್ಲಿಸಿದಳು. ಚೀಲದಿಂದ ಟೇಪು ತೆಗೆದು ಅವರ ತೋಳು ಅಳೆದಳು. ಒಮ್ಮೆ ಅಲ್ಲ, ಐದು ಸಲ. ಜನ ನಿಂತು ನೋಡುತ್ತಿದ್ದರು. ಆ ಮನುಷ್ಯ ಒಳ್ಳೆಯವರು, ಕೈ ಚಾಚಿ ಸುಮ್ಮನೆ ನಿಂತಿದ್ದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮನೆಗೆ ಬಂದು ಅವಳ ಮೇಲೆ ರೇಗಿದೆ. ಅವಳು ನೀರು ಕುಡಿದ ಲೋಟವನ್ನು ಕೈಯಲ್ಲೇ ಹಿಡಿದು, "ನನಗೇನು ಖುಷೀನಾ ಇದು?" ಎಂದಷ್ಟೇ ಕೇಳಿದಳು.

ಅದೇ ತಿಂಗಳು ದೊಡ್ಡ ಮೇಡಂ ಬಂದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ನಮ್ಮ ರಸ್ತೆಯಲ್ಲಿ ಅರ್ಧ ಜನ ಅವರ ಕೈಯಲ್ಲಿ ಏಟು ತಿಂದವರೇ. ಅವರ ತಾಯಿ ಎಂದೋ ಕೊಂಡು ಪೆಟ್ಟಿಗೆಯಲ್ಲಿಟ್ಟಿದ್ದ ಕಡು ನೀಲಿ ಉಣ್ಣೆಯ ಬಟ್ಟೆ ತಂದಿದ್ದರು. ಉದ್ದನೆಯ ಕೋಟಿಗೆ ಸರಿಯಾಗಿ ಸಾಲುವಷ್ಟೇ, ಒಂದು ಗೇಣು ಹೆಚ್ಚಿಲ್ಲ. ಅಂಥ ಬಟ್ಟೆ ಈಗ ಎಲ್ಲೂ ಸಿಗುವುದಿಲ್ಲ. "ನಿನ್ನ ಕೈಯಲ್ಲೇ ಆಗಬೇಕು" ಎಂದು ಅತ್ತಿಗೆಯ ಮುಂದೆ ಇಟ್ಟು ಹೋದರು.

ಆ ಬಟ್ಟೆ ಹನ್ನೊಂದು ದಿನ ಮೇಜಿನ ಮೇಲೆ ಬಿದ್ದಿತ್ತು. ಅವಳು ಸೀಮೆಸುಣ್ಣದಲ್ಲಿ ಗೆರೆ ಎಳೆಯುವಳು, ಒರೆಸುವಳು, ಮತ್ತೆ ಎಳೆಯುವಳು. ಕತ್ತರಿಯನ್ನು ಬಟ್ಟೆಯ ಅಂಚಿಗೆ ತಂದು ಕೆಳಗಿಡುವಳು. ಮೇಡಂ ಭುಜದ ಅಳತೆಯೂ ಹದಿನಾಲ್ಕೂವರೆಯೇ; ನಾನು ದಿನಕ್ಕೆ ನೂರು ಸಲ ಅದನ್ನೇ ಅಂದಿರಬೇಕು. ಉಳಿದ ಕೆಲಸವೆಲ್ಲ ನಿಂತಿತು. ಹೊರಗಿನವರಿಂದ ಕತ್ತರಿಸಿ ತರೋಣ ಎಂದು ಅಣ್ಣ ಮೆಲ್ಲಗೆ ಅಂದ. ಅತ್ತಿಗೆಯ ಮುಖದ ಬಣ್ಣವೇ ಇಳಿದುಹೋಯಿತು. ಆ ಮೇಜು ಬಿಟ್ಟರೆ ಅವಳಿಗೆ ಅವಳದೆಂದು ಇನ್ನೇನಿತ್ತು? ಅಪ್ಪ ಸ್ವಂತ ಮಕ್ಕಳನ್ನು ಬಿಟ್ಟು ಅವಳಿಗೆ ಕೊಟ್ಟ ಜಾಗ ಅದು.

ಹನ್ನೆರಡನೆಯ ದಿನ ದೊಡ್ಡ ಮೇಡಂ ನೇರ ಒಳಕೋಣೆಗೇ ನುಗ್ಗಿದರು. ನೀಲಿ ಬಟ್ಟೆ ಸೀಮೆಸುಣ್ಣದಿಂದ ಬೆಳ್ಳಗಾಗಿತ್ತು. ಬೈಗುಳ ಕಾದು ನಾವು ತಲೆ ತಗ್ಗಿಸಿದೆವು. ಅವರು ಬಟ್ಟೆ ನೋಡಿದರು, ಆರು ಟೇಪು ನೋಡಿದರು, ಅತ್ತಿಗೆಯ ಪಕ್ಕ ಸ್ಟೂಲು ಎಳೆದು ಕೂತರು.

"ನನ್ನ ತಂಗಿಗೆ ಬಾಗಿಲ ಚಿಲಕ" ಅಂದರು. "ಹಾಕಿದೆನೋ ಇಲ್ಲವೋ ಅಂತ. ಶಾಲೆಯಿಂದ ನಡುವೆ ಎದ್ದು ಮನೆಗೆ ಓಡಿಹೋಗೋಳು. ನಾವು ಎಂಟು ವರ್ಷ ಬೈದೆವು. ಆಮೇಲೆ ಡಾಕ್ಟರ ಹತ್ರ ಕರ್ಕೊಂಡು ಹೋದೆವು. ಆ ಎಂಟು ವರ್ಷ ಯಾಕೆ ಕಾದೆವೋ ಅಂತ ನನಗೆ ಇವತ್ತಿಗೂ ಹೊಟ್ಟೆ ಉರಿಯತ್ತೆ."

"ಯಾವ ಡಾಕ್ಟರು?" ಅಣ್ಣ ಕೇಳಿದ.

"ಮನೋವೈದ್ಯರು."

ಅಮ್ಮನ ಕೈಯಿಂದ ಗುಂಡಿಯ ಡಬ್ಬಿ ಬಿತ್ತು. "ನಮ್ಮ ಹುಡುಗಿಗೆ ಹುಚ್ಚಲ್ಲಮ್ಮ" ಅಂದರು.

"ಹುಚ್ಚು ಅಂತ ನಾನೆಲ್ಲಿ ಅಂದೆ? ನಿಮಗೆ ಮಂಡಿ ನೋವಿಗೆ ಡಾಕ್ಟರು ಬೇಕು, ಅವಳಿಗೆ ಇದಕ್ಕೆ ಬೇಕು." ಮೇಡಂ ಬಟ್ಟೆ ಮಡಿಸಿದರು. "ಇದನ್ನ ನಾನು ತಗೊಂಡು ಹೋಗ್ತೀನಿ. ಬೇರೆ ಯಾರಿಗೂ ಕೊಡಲ್ಲ. ನೀನು ಕರೆದಾಗ ತರ್ತೀನಿ." ಕೊನೆಯ ಮಾತು ಅತ್ತಿಗೆಗೆ ಹೇಳಿದ್ದು.

ಮರುವಾರ ಹೋದೆವು. ಯಾರಾದರೂ ನೋಡಿದರೆ ಕಣ್ಣಿನ ಡಾಕ್ಟರ ಹತ್ತಿರ ಬಂದೆವು ಎನ್ನಬೇಕೆಂದು ಅಮ್ಮ ದಾರಿಯುದ್ದಕ್ಕೂ ಪಾಠ ಮಾಡಿಸಿದ್ದರು. ಅಲ್ಲಿ ಕಾಯುವ ಕೋಣೆಯಲ್ಲಿ ಕೂತಿದ್ದವರನ್ನು ಕಂಡು ನನಗೇ ನಾಚಿಕೆಯಾಯಿತು: ಪುಸ್ತಕ ಓದುತ್ತಿದ್ದ ವಿದ್ಯಾರ್ಥಿನಿ, ಬೂಟಿಗೆ ಸಿಮೆಂಟು ಮೆತ್ತಿಕೊಂಡಿದ್ದ ಗಾರೆಯವ, ಮಗುವಿನ ಮೂಗು ಒರೆಸುತ್ತಿದ್ದ ತಾಯಿ. ನಮ್ಮ ಅಂಗಡಿಗೆ ಬರುವಂಥವರೇ. ಒಬ್ಬರಂತೂ ನಿಜವಾಗಿಯೂ ನಮ್ಮ ಗಿರಾಕಿ. ಅಮ್ಮ ಬಾಯಿ ತೆರೆಯುವ ಮುಂಚೆ ಅವರೇ, "ನನ್ನ ಪ್ಯಾಂಟು ಮುಗೀತಾ?" ಎಂದು ಕೇಳಿದರು.

ಡಾಕ್ಟರು ನನ್ನ ವಯಸ್ಸಿನ ಹೆಂಗಸು, ಆತುರವಿಲ್ಲದವರು. ಎಲ್ಲ ಕೇಳಿಸಿಕೊಂಡು, "ದಿನಕ್ಕೆ ಎಷ್ಟು ಹೊತ್ತು ಇದರಲ್ಲಿ ಹೋಗತ್ತೆ?" ಎಂದರು. ಅತ್ತಿಗೆ ಬೆರಳು ಮಡಚಿದಳು. "ಆರು ಗಂಟೆ." ಅಣ್ಣ ತಿರುಗಿ ಅವಳ ಮುಖ ನೋಡಿದ. ನಾವು ಒಂದೇ ಅಂಗಡಿಯಲ್ಲಿದ್ದೂ ನಮಗೆ ಅದರ ಅಂದಾಜಿರಲಿಲ್ಲ.

"ಅಳತೆ ಸರಿಯಿದೆ ಅಂತ ನನಗೆ ಗೊತ್ತಿರತ್ತೆ ಡಾಕ್ಟ್ರೇ" ಅಂದಳು ಅತ್ತಿಗೆ. "ಗೊತ್ತಿದ್ದೂ ನಂಬೋಕಾಗಲ್ಲ. ಎದೆ ಒಳಗೆ ಯಾರೋ ಹಿಂಡಿದ ಹಾಗಾಗತ್ತೆ. ಇದು ಹುಚ್ಚಾ?"

"ಇದಕ್ಕೆ ಗೀಳು ಕಾಯಿಲೆ ಅಂತ ಹೆಸರು. ಬಹಳ ಜನಕ್ಕೆ ಇರತ್ತೆ, ಬಹಳ ಜನ ಮುಚ್ಚಿಡ್ತಾರೆ. ಚಿಕಿತ್ಸೆ ಇದೆ."

ಅತ್ತಿಗೆ ಅತ್ತಳು. ತನಗಾಗಿರುವುದಕ್ಕೆ ಒಂದು ಹೆಸರಿದೆ, ಅದು ಬೇರೆಯವರಿಗೂ ಆಗುತ್ತದೆ ಎಂಬ ಸಮಾಧಾನದ ಅಳು ಅದು. ಡ್ರೈವರನ ಪ್ಯಾಂಟಿನಿಂದಲೇ ಹೀಗಾಯಿತಾ ಎಂದು ಅಣ್ಣ ಕೇಳಿದ. ಅಷ್ಟು ಸುಲಭವಾಗಿ ಒಂದು ಕಾರಣ ತೋರಿಸಲಾಗುವುದಿಲ್ಲ, ಆ ಪ್ಯಾಂಟು ಇಲ್ಲದಿದ್ದರೆ ಇನ್ನೇನೋ ನೆಪ ಸಿಗುತ್ತಿತ್ತು ಎಂದರು ಡಾಕ್ಟರು. ಮಾತ್ರೆ ಬರೆದುಕೊಟ್ಟರು. ಕೆಲಸ ಮಾಡಲು ಕೆಲವು ವಾರ ಬೇಕು, ತಮ್ಮನ್ನು ಕೇಳದೆ ನಿಲ್ಲಿಸಕೂಡದು ಎಂದು ಎರಡು ಸಲ ಹೇಳಿದರು. ಜೊತೆಗೆ ವಾರಕ್ಕೊಮ್ಮೆ ಪಕ್ಕದ ಕೋಣೆಯ ಕೌನ್ಸೆಲರ್ ಹತ್ತಿರ ಅಭ್ಯಾಸ.

ಆ ಕೌನ್ಸೆಲರ್ ಸಣ್ಣ ದನಿಯ, ದಪ್ಪ ಕನ್ನಡಕದ ಮನುಷ್ಯ. ಎರಡನೆಯ ವಾರ ನಮ್ಮನ್ನೆಲ್ಲ ಒಳಗೆ ಕೂರಿಸಿ, "ಇವರು ಕೇಳಿದಾಗ ಉತ್ತರ ಹೇಳೋರು ಯಾರು?" ಎಂದರು. ಮೂವರೂ ನನ್ನ ಕಡೆ ನೋಡಿದರು.

"ಎಷ್ಟು ಸಲ ಹೇಳ್ತೀರಿ?"

"ಅವಳು ಕೇಳಿದಷ್ಟು ಸಲ. ನನಗೆ ಬೇಜಾರಿಲ್ಲ." ಬಹುಮಾನ ಕೊಡುತ್ತಾರೇನೋ ಎಂಬಂತೆ ಹೇಳಿದೆ.

"ಇನ್ನು ಮೇಲೆ ಒಂದೇ ಸಲ ಹೇಳಿ. ಮತ್ತೆ ಕೇಳಿದರೆ 'ಗೊತ್ತಿಲ್ಲ' ಅನ್ನಿ."

ನನಗೆ ನಖಶಿಖಾಂತ ಉರಿದುಹೋಯಿತು. "ಗೊತ್ತಿದ್ದೂ ಗೊತ್ತಿಲ್ಲ ಅನ್ನಬೇಕಾ? ಅವಳು ಒದ್ದಾಡ್ತಾ ಇರುವಾಗ ನಾನು ನೋಡ್ತಾ ಕೂರಬೇಕಾ?"

"ಹೌದು, ಕೂರಬೇಕು. ನೀವು ಸರಿ ಅಂದಾಗ ಅವರಿಗೆ ಎರಡು ನಿಮಿಷ ಸಮಾಧಾನ. ಆ ಎರಡು ನಿಮಿಷಕ್ಕೋಸ್ಕರ ಮನಸ್ಸು ಮತ್ತೆ ಕೇಳತ್ತೆ. ನೀವು ಪ್ರೀತಿಯಿಂದಲೇ ಮಾಡಿದ್ರಿ, ಅದು ತಪ್ಪಲ್ಲ. ಆದರೆ ಅದನ್ನ ತಿಂದು ಬೆಳೆದದ್ದು ಕಾಯಿಲೆ. ಭಯ ತಾನಾಗೇ ಇಳಿಯತ್ತೆ ಅನ್ನೋದನ್ನ ಅವರು ಒಮ್ಮೆ ನೋಡಬೇಕು. ಯಾರೂ ಇಳಿಸದೇ."

ಅವತ್ತು ಮನೆಯವರೆಗೂ ಮುಖ ಊದಿಸಿಕೊಂಡೇ ಬಂದೆ. ಬಸ್ಸಿನಲ್ಲಿ ಅತ್ತಿಗೆ ನನ್ನ ಭುಜಕ್ಕೆ ಭುಜ ತಾಗಿಸಿ, "ನಿನ್ನ ಬಾಯಿ ಮುಚ್ಚಿಸೋದು ನನ್ನ ಚಿಕಿತ್ಸೆ ಅಂತೆ. ನಿನಗೆ ಮಾತ್ರೆ ಬರೀಲಿಲ್ಲವಾ?" ಎಂದಳು. ಅವಳ ಬಾಯಿಂದ ತಮಾಷೆ ಕೇಳಿ ತಿಂಗಳುಗಳೇ ಆಗಿದ್ದವು.

ಮನೆಯಲ್ಲಿ ಮಾಡುವ ಅಭ್ಯಾಸದಲ್ಲಿ ಅತ್ತಿಗೆ ತನ್ನ ಭಯಕ್ಕೆ ಸೊನ್ನೆಯಿಂದ ನೂರರವರೆಗೆ ಅಂಕ ಹಾಕಬೇಕಿತ್ತು. ಕಡಿಮೆ ಭಯದ್ದರಿಂದ ಶುರು: ದಿಂಬಿನ ಚೀಲ. ನಮ್ಮದೇ ಮನೆಯ ಹಳೆಯ ಹೊದಿಕೆ, ಒಂದೇ ಟೇಪು, ಒಂದೇ ಸಲ ಅಳತೆ, ಒಂದೇ ಕೂಗು. ಉಳಿದ ಐದು ಟೇಪುಗಳನ್ನು ಅಮ್ಮ ಗಂಟು ಕಟ್ಟಿ ತಮ್ಮ ಕುರ್ಚಿಯ ಕೆಳಗಿಟ್ಟುಕೊಂಡು ಕಾವಲು ಕೂತರು. ಅತ್ತಿಗೆ ಅಳೆದಳು, ಕೂಗಿದಳು, ನಾನು ಹೇಳಿದೆ, ಅವಳು ಕತ್ತರಿಸಿದಳು. ಆಮೇಲೆ ಶುರುವಾಯಿತು. "ಸೂಜಿ, ಹದಿನೆಂಟು ತಾನೇ?"

"ಗೊತ್ತಿಲ್ಲ ಅತ್ತಿಗೆ."

ಅವಳು ನನ್ನನ್ನು ನೋಡಿದ ನೋಟ ನಾನು ಮರೆಯುವವಳಲ್ಲ. ಸೀಮೆಸುಣ್ಣವನ್ನು ಕೈಯಲ್ಲಿ ಪುಡಿ ಮಾಡಿದಳು. ಮೇಜಿನ ಸುತ್ತ ನಡೆದಳು. "ತೊಂಬತ್ತು" ಅಂದಳು. ಅಣ್ಣ ತಡೆಯಲಾಗದೆ, ಯಾರೂ ಹೇಳದಿದ್ದರೂ ಹೊರಗೆ ಹೋಗಿ ಅಂಗಡಿಯ ಬೋರ್ಡು ತೊಳೆಯತೊಡಗಿದ. ನಾನು ತುಟಿ ಕಚ್ಚಿ ಕೂತೆ. ಹದಿನೆಂಟು ಎಂಬ ಮಾತು ಗಂಟಲವರೆಗೆ ಬಂದು ಬಂದು ವಾಪಸು ಹೋಗುತ್ತಿತ್ತು. ಇಪ್ಪತ್ತು ನಿಮಿಷಕ್ಕೆ "ಎಪ್ಪತ್ತು" ಅಂದಳು. ಮುಕ್ಕಾಲು ಗಂಟೆಯ ಹೊತ್ತಿಗೆ, ತನಗೇ ನಂಬಿಕೆ ಬಾರದವಳಂತೆ, "ಮೂವತ್ತು" ಅಂದಳು. ಬೋರ್ಡು ಫಳಫಳ ಹೊಳೆಯುತ್ತಿತ್ತು. ದಿಂಬಿನ ಚೀಲ ಅರ್ಧ ಇಂಚು ಕಿರಿದಾಗಿತ್ತು. ದಿಂಬು ಗೊಣಗದೆ ಒಳಗೆ ಹೋಯಿತು.

ಹೀಗೆ ದಿಂಬಿನ ಚೀಲದಿಂದ ಅಡುಗೆಯ ಏಪ್ರನ್ನು, ಅಲ್ಲಿಂದ ಶಾಲಾ ಯೂನಿಫಾರ್ಮು. ಎಲ್ಲ ಸಲೀಸಾಗಿ ನಡೆಯಿತು ಎಂದರೆ ಸುಳ್ಳಾಗುತ್ತದೆ. ನಾಲ್ಕನೆಯ ತಿಂಗಳು ಅವಳು ಚೆನ್ನಾಗಿದ್ದಾಳೆಂದು ಅಮ್ಮ, "ಇನ್ನು ಮಾತ್ರೆ ಯಾಕೆ, ಸಾಕು ಬಿಡು" ಅಂದರು, ಅತ್ತಿಗೆ ಬಿಟ್ಟಳು. ಮೂರು ವಾರದಲ್ಲಿ ಅಮ್ಮನ ಕುರ್ಚಿಯ ಕೆಳಗಿನ ಗಂಟು ಬಿಚ್ಚಿ ಟೇಪುಗಳು ಮೇಜಿಗೆ ಬಂದವು. ಅಣ್ಣ ಅಮ್ಮನ ಮೇಲೆ ಕೂಗಾಡಿದ. ಅತ್ತಿಗೆ ಕೂಗಾಡಲಿಲ್ಲ, ಚೀಲ ತಗುಲಿಸಿಕೊಂಡು, ಯಾರನ್ನೂ ಕರೆಯದೆ, ಒಬ್ಬಳೇ ಡಾಕ್ಟರ ಹತ್ತಿರ ಹೋಗಿ ಬಂದಳು. ಅವತ್ತು ನನಗೆ ಧೈರ್ಯ ಬಂತು. ಅಮ್ಮ ಅಂದಿನಿಂದ ಮಾತ್ರೆ ಮತ್ತು ನೀರಿನ ಲೋಟ ಹಿಡಿದು ಬೆಳಿಗ್ಗೆ ಎಂಟಕ್ಕೆ ಅವಳ ಮುಂದೆ ನಿಲ್ಲುತ್ತಾರೆ. ಯಾರಾದರೂ ಕೇಳಿದರೆ ಕಣ್ಣಿನ ಡಾಕ್ಟರ ಹೆಸರು ಹೇಳುವುದಿಲ್ಲ. "ಮನಸ್ಸಿಗೂ ಕಾಯಿಲೆ ಬರತ್ತೆ, ಬಂದರೆ ತೋರಿಸಬೇಕು" ಎಂದು ಗುಂಡಿ ಹಾಕುತ್ತಲೇ ಗಿರಾಕಿಗಳಿಗೆ ಭಾಷಣ ಮಾಡುತ್ತಾರೆ. ಕೇಳದವರಿಗೂ ಮಾಡುತ್ತಾರೆ.

ಪ್ಯಾಂಟುಗಳು ಬಂದವು, ಹೋದವು. ಅಂಚು ಎರಡು ಇಂಚಿನಿಂದ ಒಂದಕ್ಕೆ, ಒಂದರಿಂದ ಮುಕ್ಕಾಲಿಗೆ ಇಳಿಯಿತು. ಒಂದು ವರ್ಷಕ್ಕೆ ಎರಡು ತಿಂಗಳು ಕಡಿಮೆಯಿರುವಾಗ ಅತ್ತಿಗೆ ತಾನಾಗಿ ಫೋನೆತ್ತಿ, "ಮೇಡಂ, ಬಟ್ಟೆ ತನ್ನಿ" ಅಂದಳು.

ಆ ಕೋಟು ಮೇಡಂಗೆ ಚೆನ್ನಾಗಿ ಕೂತಿದೆ, ಚಳಿ ಬಂದರೆ ಅದನ್ನೇ ಹಾಕಿಕೊಂಡು ನಮ್ಮ ಅಂಗಡಿಯ ಮುಂದೆ ಗತ್ತಿನಿಂದ ಹೋಗುತ್ತಾರೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹೇಳಬೇಕಾದದ್ದು ಅದನ್ನು ಕತ್ತರಿಸಿದ ಬೆಳಿಗ್ಗೆಯ ವಿಷಯ.

ಮೇಡಂ ಬಟ್ಟೆಯ ಸೀಮೆಸುಣ್ಣವನ್ನು ಬ್ರಷ್ಷಿನಿಂದ ಒಂದು ಚುಕ್ಕೆಯೂ ಉಳಿಯದಂತೆ ತೆಗೆದು ತಂದಿದ್ದರು. ಅತ್ತಿಗೆ ಅದನ್ನು ಮೇಜಿನ ಮೇಲೆ ಹರಡಿ ಅಂಗೈಯಿಂದ ಸವರಿದಳು. ಕಿಟಕಿಯಿಂದ ಬಿಸಿಲು ಬಿದ್ದಿತ್ತು. ಅಣ್ಣ ಬಾಗಿಲಲ್ಲಿ ನಿಂತಿದ್ದ; ಈ ಸಲ ಬೋರ್ಡು ತೊಳೆಯಲು ಹೋಗಲಿಲ್ಲ. ಮೇಡಂ ಹಳೆಯ ಸ್ಟೂಲಿನ ಮೇಲೆ ಕೂತರು. ಅತ್ತಿಗೆ ಒಮ್ಮೆ ಅಳೆದಳು. ಗೆರೆ ಎಳೆದಳು. ಟೇಪನ್ನು ಕುತ್ತಿಗೆಗೆ ಹಾಕಿಕೊಂಡಳು.

"ಭುಜ ಹದಿನಾಲ್ಕೂವರೆ."

"ಹದಿನಾಲ್ಕೂವರೆ" ಅಂದೆ. ಒಂದೇ ಸಲ.

ಅವಳು ಕತ್ತರಿ ಎತ್ತಿದಳು. ಭಯ ಎಷ್ಟು ಎಂದು ಹುಬ್ಬೇರಿಸಿ ಕೇಳಿದೆ.

"ಎಂಬತ್ತು" ಅಂದಳು. ಅಂದವಳೇ ಕತ್ತರಿ ಹಾಕಿದಳು.

ಭಯ ಹೋದ ಮೇಲೆ ಕತ್ತರಿಸುತ್ತಾಳೆ ಎಂದು ನಾನು ಇಷ್ಟು ದಿನ ಕಾದಿದ್ದೆ. ಅವಳು ಭಯ ಇರುವಾಗಲೇ ಕತ್ತರಿಸಿದಳು. ಬೆನ್ನು, ಎದೆಯ ಎರಡು ಭಾಗ, ತೋಳು, ಕಾಲರು, ಒಂದೊಂದಾಗಿ ಉಣ್ಣೆ ಬಿಚ್ಚಿಕೊಂಡಿತು. ಕೊನೆಗೆ ಮೇಜಿನ ಮೇಲೆ ಉಳಿದದ್ದು ಬೆರಳಗಲದ ಚೂರುಗಳು. ಅಪ್ಪ ಇದ್ದಿದ್ದರೆ ಸುಮ್ಮನೆ ಎದ್ದು ನಿಲ್ಲುತ್ತಿದ್ದರು. ನನ್ನ ಕಣ್ಣು ತುಂಬಿ ಬಂತು, ಬರಲಿ ಎಂದು ಬಿಟ್ಟೆ.

ಅವಳು ತುಂಡುಗಳನ್ನು ಜೋಡಿಸಿ ತಂದು ನನ್ನ ಮಿಷನ್ನಿನ ಮೇಲಿಟ್ಟಳು. ನಾನು ತೋಳನ್ನು ಸೂಜಿಯ ಕೆಳಗೆ ತಂದೆ. ಎಂದೋ ಸತ್ತ ತಾಯಿಯ ಬಟ್ಟೆ, ಒಂದು ಗೇಣು ಹೆಚ್ಚಿಲ್ಲ, ಮೇಡಂ ಎದುರಿಗೇ ಕೂತಿದ್ದಾರೆ. ಪೆಡಲಿನ ಮೇಲೆ ಇಟ್ಟ ಕಾಲು ಹಾಗೇ ನಿಂತಿತು.

"ಅತ್ತಿಗೆ" ಅಂದೆ, "ತೋಳಿನ ಅಳತೆ ಸರಿಯಾಗಿದೆ ತಾನೇ?"

ಅವಳು ಆಗಲೇ ಮುಂದಿನ ಬಟ್ಟೆ ಬಿಚ್ಚುತ್ತಿದ್ದಳು. ತಲೆಯೆತ್ತಿ ನೋಡಲೂ ಇಲ್ಲ.

"ಗೊತ್ತಿಲ್ಲ" ಅಂದಳು. "ನೀನು ಹೊಲಿ."